ಕೊನೆಯ ನೀರಿನ ಕರ್ಪೂರ

ಫೆಬ್ರುವರಿ 6, ಬುಧವಾರ

ಶಲೀಜಾ ಈ ನೋಟ್‌ಬುಕ್ ತಂದುಕೊಟ್ಟಿದ್ದಾಳೆ. "ಅಮ್ಮ, ಗೋಡೆ ಜೊತೆ ಮಾತಾಡ್ಕೊಂಡು ಕೂತಿರಬೇಡ. ಇದರಲ್ಲಿ ಬರಿ" ಅಂದಳು. ನಾನು ಮಾತಾಡುತ್ತಿದ್ದದ್ದು ಗೋಡೆಯ ಜೊತೆಯಲ್ಲ, ಅವಳ ಅಪ್ಪನ ಜೊತೆ. ಮಗಳಿಗೆ ಅದನ್ನು ಹೇಳಲಿಲ್ಲ.

ಕಯ್ಯೂಮ್ ಹೋಗಿ ಮೂರು ದಿನವಾಯಿತು. ಭಾನುವಾರ ಬೆಳಗ್ಗೆ ಟ್ರ್ಯಾಕ್ಟರಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದವನು ಮತ್ತೆ ಏಳಲೇ ಇಲ್ಲ. ಮೂವತ್ತೆರಡು ವರ್ಷ ನನಗೆ ಹೇಳದೆ ಪೇಟೆಗೂ ಹೋಗದಿದ್ದ ಮನುಷ್ಯ, ಇಷ್ಟು ದೂರಕ್ಕೆ ಹೇಳದೆ ಹೋದ. ಅವನ ರಬ್ಬರ್ ಬೂಟು ಇನ್ನೂ ಮೆಟ್ಟಿಲ ಕೆಳಗೇ ಇದೆ.

ಸಂಜೆ ಭಾವ ಬಂದು, ಕಂಬಗಳ ಮೇಲೆ ನಿಂತ ನಮ್ಮ ಮನೆಯಡಿ, ತೂಗುಜೋಲಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಕಯ್ಯೂಮ್‌ನ ಅಣ್ಣ, ಹಾಜಿ ವಾಹಿದ್, ನಮ್ಮ ಮಸೀದಿ ಕಮಿಟಿಯ ಅಧ್ಯಕ್ಷರು. "ನೋಡು ನಸೀಬನ್, ಗಂಡ ಸತ್ತ ಹೆಂಗಸಿಗೆ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಗೇಟು ದಾಟಬಾರದು. ಸುಗಂಧ ಮುಟ್ಟಬಾರದು. ಒಂದು ದಿನ ತಪ್ಪಿದ್ರೂ ಮತ್ತೆ ಒಂದರಿಂದ ಎಣಿಸಬೇಕು" ಅಂದರು. ನಾನು ತಲೆಯಾಡಿಸಿದೆ. ಅಕ್ಕಿ ಗಿರಣಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಮೂರು ದಿನಕ್ಕೆ ಗೀಟು ಎಳೆದೆ.

ಫೆಬ್ರುವರಿ 8, ಶುಕ್ರವಾರ

ಏನನ್ನು ಮಾಡಬಹುದು ಏನನ್ನು ಮಾಡಬಾರದು ಒಂದೂ ತಿಳಿಯುತ್ತಿಲ್ಲ. ತಲೆ ಬಾಚಬಹುದೇ? ಕೊಬ್ಬರಿ ಎಣ್ಣೆ ಹಚ್ಚಬಹುದೇ? ಜಗಲಿಯಲ್ಲಿ ನಿಂತು ರಸ್ತೆ ನೋಡಬಹುದೇ? ಟೀಗೆ ಏಲಕ್ಕಿ ಹಾಕಿದರೆ ಅದೂ ಸುಗಂಧವೇ? ಎಲ್ಲವನ್ನೂ ಚೀಟಿಯಲ್ಲಿ ಬರೆದು ಶಲೀಜಾಳ ಕೈಲಿ ಕಳಿಸಿದೆ.

ಮಸೀದಿಯಲ್ಲಿ ಹೆಂಗಸರ ಪರದೆಯ ಹಿಂದೆ ಒಂದು ಹಾಲುಪುಡಿ ಡಬ್ಬ ಇದೆ, ಮುಚ್ಚಳಕ್ಕೆ ಸೀಳು ಮಾಡಿದ್ದಾರೆ. ನಾವು ಅದರೊಳಗೆ ನಮ್ಮ ಅನುಮಾನಗಳನ್ನು ಹಾಕುತ್ತೇವೆ. ಶುಕ್ರವಾರದ ನಮಾಜ್ ಮುಗಿದ ಮೇಲೆ ಇಮಾಮ್ ಫರೀಜ್ ಮೈಕಿನ ಮುಂದೆಯೇ ಒಂದೊಂದು ಚೀಟಿ ಬಿಚ್ಚಿ ಓದಿ ಹುಕುಂ ಹೇಳುತ್ತಾನೆ. ಮೊದಲೇ ಓದಿ ಆರಿಸುವುದಿಲ್ಲ ಅನ್ನುವುದು ಅವನ ಹೆಮ್ಮೆ. ಉಗುರುಬಣ್ಣ ಹಚ್ಚಿಕೊಂಡು ನಮಾಜಿಗೆ ಕೈಕಾಲು ತೊಳೆದರೆ ವುಜೂ ಆಗುತ್ತದೆಯೇ, ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ಕೊಟ್ಟ ರಮ್ಮಿನ ಕೇಕು ತಿನ್ನಬಹುದೇ, ಅತ್ತೆಯನ್ನು ಮನಸ್ಸಿನಲ್ಲೇ ಬೈದರೆ ರೋಜಾ ಉಪವಾಸ ಮುರಿಯುತ್ತದೆಯೇ, ಎಲ್ಲವೂ ನಮ್ಮೂರ ಮುಂದಿನ ಕೊರಂಟೈನ್ ರಸ್ತೆಯುದ್ದಕ್ಕೂ ಕೇಳಿಸುತ್ತದೆ. ಗುರುತು ಸಿಗದಿರಲಿ ಅಂತ ಎಡಗೈಯಲ್ಲಿ ಬರೆದೆ. ಈ ಊರಿನ ಅರ್ಧ ಜನಕ್ಕೆ ನರ್ಸರಿ ಶಾಲೆಯಲ್ಲಿ ಅಕ್ಷರ ತಿದ್ದಿಸಿದವಳು ನಾನೇ.

ಫೆಬ್ರುವರಿ 15, ಶುಕ್ರವಾರ

ಉತ್ತರ ಬಂತು. ತಲೆ ಬಾಚಬಹುದು. ವಾಸನೆಯಿಲ್ಲದ ಎಣ್ಣೆ ಹಚ್ಚಬಹುದು. ಜಗಲಿಯಲ್ಲಿ ನಿಲ್ಲಬಹುದು. "ಏಲಕ್ಕಿ ತಿನ್ನೋ ಪದಾರ್ಥ, ಮೈಗೆ ಬಳ್ಕೊಳ್ಳೋದಲ್ಲ. ಧಾರಾಳವಾಗಿ ಕುಡೀಲಿ" ಅಂತ ಇಮಾಮ್ ಹೇಳಿದ ಕೂಡಲೇ ಎದುರುಮನೆಯ ಡ್ರೈವರ್ ಬೇಲಿಯಿಂದಲೇ ಕೂಗಿದ: "ಟೀಚರ್, ಏಲಕ್ಕಿ ಪಾಸಾಯ್ತು!" ಎಡಗೈಯಲ್ಲಿ ಬರೆದದ್ದು ದಂಡವಾಯಿತು.

ಆದರೂ ಏಲಕ್ಕಿ ಹಾಕಲಿಲ್ಲ. ಯಾತಕ್ಕೆ ಬೇಕು.

ಮಾರ್ಚ್ 13, ಬುಧವಾರ

ಊರಿಗೆಲ್ಲ ಚಿಕ್ಕಮ್ಮನಾದ ಹಮೀದನ್ ಖಾಲಾ ಕೋಲೂರಿಕೊಂಡು ಕಾಲುವೆಯ ಮೇಲಿನ ಹಲಗೆ ದಾಟಿ ಬಂದಿದ್ದರು. ಕಾಲು ಬಾತು ಪಾದದ ಮೂಳೆಯೇ ಕಾಣುವುದಿಲ್ಲ. ಹನ್ನೆರಡು ಮೆಟ್ಟಿಲಿಗೆ ಮೂರು ಸಲ ಕೂತರು.

ಇಪ್ಪತ್ತೆರಡು ವರ್ಷದಿಂದ ಈ ಊರಿನಲ್ಲಿ ಸತ್ತ ಹೆಂಗಸರಿಗೆಲ್ಲ ಸ್ನಾನ ಮಾಡಿಸಿದವರು ನಾವಿಬ್ಬರೇ. ಕಲಿಸಿದ್ದು ಅವರೇ. ಮೊದಲು ಬಲಗಡೆ, ಆಮೇಲೆ ಎಡಗಡೆ, ಮೈಮೇಲೆ ಸದಾ ಬಟ್ಟೆ, ಬಾಯಲ್ಲಿ ಸದಾ ಮೌನ, ಕೊನೆಯ ನೀರಿಗೆ ಕರ್ಪೂರ. ಕಂಡದ್ದನ್ನು ಹೊರಗೆ ಆಡಬಾರದು. ಹೆಣದ ಗುಟ್ಟು ಮುಚ್ಚಿಟ್ಟವಳನ್ನು ದೇವರು ನಲವತ್ತು ಸಲ ಕ್ಷಮಿಸುತ್ತಾನಂತೆ. ನಮ್ಮಿಬ್ಬರಿಗೆ ಎಷ್ಟು ಕ್ಷಮೆ ಜಮೆಯಾಗಿದೆಯೋ.

"ನಸೀಬು, ಡಾಕ್ಟರು ಮಳೆಗಾಲದವರೆಗೆ ಅಂತಾನೆ" ಅಂದರು.

"ಯಾವ ಡಾಕ್ಟರು? ಹೋದ ವರ್ಷಾನೂ ಅಂದಿದ್ದ."

"ಈ ಸಲ ನಾನೂ ಹಾಗೇ ಅಂತಿದೀನಿ ಕಣೇ. ನೀನೇ ತೊಳೀಬೇಕು. ನೀನೊಬ್ಳೇ. ಮಾತು ಕೊಡು."

"ನಾನು ಇದ್ದತ್‌ನಲ್ಲಿದೀನಲ್ಲ ಖಾಲಾ."

"ಅದಕ್ಕೇ ಕಾಲೆಳ್ಕೊಂಡು ಬಂದಿರೋದು. ಮಾತು ಕೊಡು."

ಕೊಟ್ಟೆ. ಏನು ಕೊಟ್ಟೆ ಅಂತ ಅವರು ಹೋದ ಮೇಲೆ ತಿಳಿಯಿತು.

ಮಾರ್ಚ್ 27, ಬುಧವಾರ

ಇವತ್ತು ಹಿಂದೂಗಳ ಫಗ್ವಾ, ಕಬ್ಬಿನ ತೋಟದ ಕೂಲಿಗೆ ಕಡಲು ದಾಟಿ ಈ ದೇಶಕ್ಕೆ ಬಂದ ಹಿರಿಯರು ಜೊತೆಗೆ ತಂದ ಹೋಳಿ. ರಸ್ತೆಯೆಲ್ಲ ಕೆಂಪು ನೀರು, ಕುಣಿತ. ಬಿಳಿ ಬಟ್ಟೆಯ ಮೇಲೆ ಬಣ್ಣ ಹೊತ್ತು ಮಕ್ಕಳು ಕೇಕೆ ಹಾಕುತ್ತಿದ್ದರು. ಖಾಲಾ ನನ್ನ ಜಗಲಿಯಲ್ಲಿ ಕೂತು ರಸ್ತೆಯ ಮೇಲಿನ ಕಣ್ಣು ಕೀಳಲಿಲ್ಲ. ಶಲೀಜಾ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಬಾಗಿಲು ಹಾಕಲು ಹೇಳಿ ಎಡಗೈ ತೋಳು ಮೇಲೆ ಸರಿಸಿದರು.

ಐವತ್ತು ವರ್ಷ ಅವರನ್ನು ಉದ್ದ ತೋಳಿನ ಬಟ್ಟೆಯಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ಯಾರೂ ಕಂಡಿಲ್ಲ. ಮುಂಗೈಯಿಂದ ಮೊಣಕೈವರೆಗೆ ಹಸಿರು ಹಚ್ಚೆ. ಒಂದು ಬಳ್ಳಿ, ನಾಲ್ಕು ಹೂವು, ಕೆಳಗೆ ಹಿಂದಿ ಅಕ್ಷರದಲ್ಲಿ ಒಂದು ಹೆಸರು. ಸುಕ್ವರಿಯಾ. ಶುಕ್ರವಾರ ಹುಟ್ಟಿದವಳು.

"ನಂದೇ ಹೆಸರು" ಅಂದರು. "ಎಸ್ಸೆಕ್ವಿಬೊ ನದಿ ಕಡೆಯೋಳು ನಾನು. ಹದಿನಾಲ್ಕಕ್ಕೆ ಮದುವೆ ಮಾಡಿದ್ರು. ಹಚ್ಚೆ ಇಲ್ದಿದ್ರೆ ಅತ್ತೆ ಮನೇಲಿ ನನ್ನ ಕೈ ನೀರು ಕುಡೀತಿರಲಿಲ್ಲ. ಹದಿನೇಳಕ್ಕೆ ಅವನು ನದೀಲಿ ಹೋದ. ಆಮೇಲೆ ನಮ್ಮ ಯಜಮಾನ ಹುಸೇನ್ ಬಂದ, ದೋಣಿ ಹತ್ತಿಸ್ಕೊಂಡು ಇಲ್ಲಿಗೆ ಕರ್ಕೊಂಬಂದ. ಈ ಊರಿಗೆ ನಾನು ಹುಟ್ಟಿದ್ದೇ ಹಮೀದನ್ ಆಗಿ."

"ಖಾಲಾ, ಕಲಿಮಾ ಹೇಳಿ ಮುಸ್ಲಿಂ ಆಗೋಕೆ ಮುಂಚೆ ಹಾಕಿಸ್ಕೊಂಡಿದ್ದು. ತಪ್ಪಿಲ್ಲ. ಇಮಾಮ್ ಕೇಳಿದ್ರೂ ಅದನ್ನೇ ಹೇಳ್ತಾನೆ."

"ತಪ್ಪು ಅಂತ ಮುಚ್ಚಿಟ್ಟಿಲ್ಲ ಕಣೇ, ಪೆದ್ದಿ" ಅಂತ ತೋಳು ಇಳಿಸಿಕೊಂಡರು. "ನಂದು ಅಂತ ಮುಚ್ಚಿಟ್ಟಿದೀನಿ. ಊರಿಗೆ ಎಲ್ಲಾ ಕೊಟ್ಟಿದೀನಿ. ಇದೊಂದು ಕೊಡಲ್ಲ."

ಏಪ್ರಿಲ್ 5, ಶುಕ್ರವಾರ

ಬಲಗೈಯಲ್ಲೇ ಬರೆದು ಡಬ್ಬಕ್ಕೆ ಹಾಕಿಸಿದ್ದೆ: ಇದ್ದತ್‌ನಲ್ಲಿರುವ ಹೆಂಗಸು ತೀರಿಹೋದವಳ ಮಯ್ಯತ್‌ಗೆ ಸ್ನಾನ ಮಾಡಿಸಲು ಹೋಗಬಹುದೇ?

ಇಮಾಮ್ ಹೇಳಿದ: "ಹಗಲು ಹೊತ್ತು, ಅಗತ್ಯ ಇದ್ರೆ, ಹೋಗಬಹುದು. ಆದರೆ ಕೊನೆ ನೀರಿನ ಕರ್ಪೂರ ಸುಗಂಧ. ಅದನ್ನ ಅವರು ಮುಟ್ಟಬಾರದು. ಜೊತೆಗೆ ಇನ್ನೊಬ್ಬ ಹೆಂಗಸು ಇರಲಿ, ಅವರ ಕೈಲಿ ಹಾಕಿಸಲಿ." ಆಮೇಲೆ ಮೈಕು ಕರಕರ ಅಂತು. ಭಾವನ ದನಿ: "ಇಮಾಮ್ ಸಾಹೇಬರು ಪುಸ್ತಕದ ಮಾತು ಹೇಳಿದ್ರು. ಕಮಿಟಿ ಮಾತು ಬೇರೆ. ನಮ್ಮ ಮನೆ ಸೊಸೆ ಗೇಟು ದಾಟಲ್ಲ. ಅಂಥ ಸಂದರ್ಭ ಬಂದ್ರೆ ನ್ಯೂ ಆಮ್‌ಸ್ಟರ್‌ಡಾಮ್ ಪಟ್ಟಣದಿಂದ ಹೆಂಗಸರನ್ನ ಕರೆಸ್ತೀವಿ."

ನನ್ನ ಹೆಸರು ಹೇಳದೆ ನನ್ನನ್ನು ಇಡೀ ರಸ್ತೆಗೆ ತೋರಿಸಿದರು. ಸಿಟ್ಟಿಗೆ ಕಿವಿ ಬಿಸಿಯಾಯಿತು. ಸಿಟ್ಟು ಒಂದು ಕಡೆ, ತಲೆನೋವು ಇನ್ನೊಂದು ಕಡೆ. ಇಮಾಮ್ ಹೇಳಿದ ಹಾಗೆ ಮಾಡಿದರೆ ಕೋಣೆಯೊಳಗೆ ಇನ್ನೊಬ್ಬಳು ಬರಬೇಕು. ಬಂದವಳಿಗೆ ಕಣ್ಣಿರುತ್ತದೆ. ಇನ್ನೊಬ್ಬಳು ಯಾಕೆ ಬೇಡ ಅಂತ ಯಾರಿಗೂ ಹೇಳುವ ಹಾಗಿಲ್ಲ, ಹೇಳಿದರೆ ಮುಚ್ಚಿಟ್ಟದ್ದೇನು ಬಂತು?

ಏಪ್ರಿಲ್ 9, ಮಂಗಳವಾರ

ಏನೂ ಇಲ್ಲ. ಬೂಟಿನೊಳಗೆ ಕಪ್ಪೆ ಸೇರಿಕೊಂಡಿತ್ತು. ಅದಕ್ಕೂ ಕಯ್ಯೂಮ್‌ಗೂ ಇಬ್ಬರಿಗೂ ಬೈದೆ.

ಏಪ್ರಿಲ್ 20, ಶನಿವಾರ

ಇಮಾಮ್ ಫರೀಜ್‌ನನ್ನು ಕರೆಸಿದೆ. ಮೂವತ್ತೊಂದು ವರ್ಷದ ಹುಡುಗ, ಹೊರದೇಶದಲ್ಲಿ ಏಳು ವರ್ಷ ಓದಿ ಬಂದಿದ್ದಾನೆ. ನನ್ನ ಕ್ಲಾಸಿನಲ್ಲಿ ಪೆನ್ಸಿಲ್ ಕಚ್ಚುತ್ತಿದ್ದ. ಮನೆಯಡಿ ಅವನನ್ನು ಕೂರಿಸಿ ನಾನು ಮೆಟ್ಟಿಲ ಮೇಲೆ ಕೂತೆ.

"ಇದ್ದತ್‌ನಲ್ಲಿರೋಳು ಸುಗಂಧ ಮುಟ್ಟಬಾರದು ಅಂತ ನಮಗೆ ತಲುಪಿಸಿದ್ದು ಮದೀನಾದ ಒಬ್ಬ ಹೆಂಗಸು ತಾನೇ?" ಅಂದೆ.

"ಹೌದು ಚಾಚಿ. ಉಮ್ಮ್ ಅತಿಯ್ಯಾ."

"ಪ್ರವಾದಿಗಳ ಮಗಳಿಗೆ ಸ್ನಾನ ಮಾಡಿಸಿ, ಕೊನೆ ನೀರಿಗೆ ಕರ್ಪೂರ ಹಾಕಿದೆ ಅಂತ ಹೇಳಿದ್ದೂ ಅವಳೇ ತಾನೇ?"

ಅವನು ತಲೆ ಕೆರೆದುಕೊಂಡ. "ಅವರೇ. ಆದರೆ ಆವತ್ತು ಅವರು ಇದ್ದತ್‌ನಲ್ಲಿರಲಿಲ್ಲವಲ್ಲ."

"ಇದ್ದಳೋ ಇರಲಿಲ್ವೋ ನಿನಗೆ ಗೊತ್ತಾ?"

ನಕ್ಕುಬಿಟ್ಟ. "ಇಲ್ಲ ಚಾಚಿ. ಅದು ಎಲ್ಲೂ ಓದಿಲ್ಲ. ಆದರೂ ಹುಕುಂ ಹುಕುಮೇ. ನಿಮಗೆ ದಾರಿ ಹೇಳಿದೀನಲ್ಲ, ಶಲೀಜಾ ಕೈಲಿ ಹಾಕಿಸಿ. ಅದ್ರಲ್ಲಿ ತೊಂದರೆ ಏನು?"

"ಇದೆ ಒಂದು ತೊಂದರೆ."

"ಏನು?"

"ಟೀ ಕುಡಿ" ಅಂದೆ.

ಒಳ್ಳೆಯ ಹುಡುಗ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಕೈಯಲ್ಲಿ ಪುಸ್ತಕ ಇದೆ, ಒಂದು ದಿನವೂ ಹೆಣದ ಕೈ ಹಿಡಿದು ನೋಡಿಲ್ಲ.

ಮೇ 14, ಮಂಗಳವಾರ

ಬೆಳಕು ಹರಿಯುವ ಹೊತ್ತಿಗೆ ಹಮೀದನ್ ಖಾಲಾ ಹೋದರು. ಅವರ ಸೊಸೆ ಕಾಲುವೆಯಾಚೆಯಿಂದ ಕೂಗಿದಳು. ಮಳೆ ಬಿಟ್ಟೂ ಬಿಡದೆ ಹುಯ್ಯುತ್ತಿತ್ತು.

ಬಿಳಿ ಓಢ್ನಿ ಹೊದ್ದು ಕಯ್ಯೂಮ್‌ನ ಬೂಟು ಹಾಕಿಕೊಂಡೆ. ಎರಡು ಬೆರಳಷ್ಟು ದೊಡ್ಡದು, ಕೆಸರಿಗೆ ಅದೇ ಸರಿ. ಗೇಟಿನಲ್ಲಿ ಭಾವನ ಕಾರು ನಿಂತಿತ್ತು. ಯಾರು ಸುದ್ದಿ ಮುಟ್ಟಿಸಿದರೋ.

"ಒಳಗೆ ಹೋಗು ನಸೀಬನ್. ಪಟ್ಟಣದಿಂದ ಹೆಂಗಸರು ಹೊರಟಿದಾರೆ."

"ಹೊರಟೋರಿಗೆ ವಾಪಸ್ ಹೋಗೋಕೆ ಹೇಳಿ ಭಾವ, ಮಳೇಲಿ ನೆನೀಬಾರದು."

"ನನ್ನ ತಮ್ಮನ ಇದ್ದತ್ ಮುರೀತೀಯಾ?"

"ನಿಮ್ಮ ತಮ್ಮನ ಬೂಟೇ ಹಾಕ್ಕೊಂಡು ಹೋಗ್ತಿದೀನಿ. ಅವನಿಗೇನಾದ್ರೂ ಬೇಜಾರಿದ್ರೆ ಕಾಲು ಕಚ್ಚಲಿ."

ಕಾರನ್ನು ಸುತ್ತಿಕೊಂಡು ಹೋದೆ. ಹಿಂದೆ ತಿರುಗಲಿಲ್ಲ. ಬೂಟು ಪಚಪಚ ಅನ್ನುತ್ತಿತ್ತು.

ಖಾಲಾ ಮನೆಯಲ್ಲಿ ಹಲಗೆ, ಬಕೆಟ್ಟು, ಎಲೆ ಹಾಕಿ ಕಾಯಿಸಿದ ನೀರು ಎಲ್ಲ ಸಿದ್ಧ ಇತ್ತು. ಸೊಸೆಯರು, ಅಕ್ಕಪಕ್ಕದವರು, ಶಲೀಜಾ, ಎಲ್ಲರೂ ಕೋಣೆಯಲ್ಲಿ. "ಎಲ್ಲಾ ಆಚೆ ಹೋಗಿ" ಅಂದೆ.

"ಅಮ್ಮ, ಕರ್ಪೂರಕ್ಕೆ ನಾನಿರ್ತೀನಿ" ಅಂದಳು ಶಲೀಜಾ. ಕೈಗವಸನ್ನೂ ತಂದಿದ್ದಳು.

"ನೀನೂ ಆಚೆ."

"ಅಮ್ಮ, ಇಮಾಮ್ ಹೇಳಿದಾರೆ..."

"ಅವನು ಹೇಳಿದ್ದು ಕೇಳಿಸಿದೆ. ಬಾಗಿಲು ಎಳ್ಕೊಂಡು ಹೋಗು."

ಚಿಲಕ ಹಾಕಿದೆ. ಬಲಗಡೆ ತೊಳೆದೆ. ಎಡಗಡೆ ತೊಳೆದೆ. ಒಬ್ಬಳೇ ಹೊರಳಿಸಲು ಬೆನ್ನು ಬಿದ್ದುಹೋಯಿತು. ಕೊನೆಯ ನೀರಿಗೆ ಕರ್ಪೂರವನ್ನು ನನ್ನ ಬೆರಳಿನಲ್ಲೇ ಪುಡಿ ಮಾಡಿದೆ, ನನ್ನ ಕೈಯಲ್ಲೇ ಕಲಸಿದೆ, ನನ್ನ ಕೈಯಾರೆ ಸುರಿದೆ. ತಪ್ಪೋ ಸರಿಯೋ, ತಪ್ಪಾದರೆ ಅದು ನನ್ನದು. ಆಮೇಲೆ ಕಫನ್ ಬಟ್ಟೆ ಸುತ್ತಿ, ಮೂರು ಕಡೆ ಗಂಟು ಹಾಕಿ, ಅವರ ಕಿವಿಯ ಹತ್ತಿರ ಬಗ್ಗಿ "ಸುಕ್ವರಿಯಾ, ಹೋಗಿ ಬಾ" ಅಂದೆ. ಆಗ ಅಳು ಬಂತು. ಕಯ್ಯೂಮ್ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಯಾರಿಗೆಷ್ಟು ಅತ್ತೆನೋ ನನಗೇ ಗೊತ್ತಾಗಲಿಲ್ಲ.

ಹೊರಗೆ ಬಂದಾಗ ಮನೆಯಡಿ ಗಂಡಸರು ಸಾಲಾಗಿ ನಿಂತಿದ್ದರು. ನನ್ನ ಕೈಯ ವಾಸನೆ ನನಗಿಂತ ಮುಂದೆ ಹೋಯಿತು. ಭಾವ ಮೂಗು ಅರಳಿಸಿದರು. ಇಮಾಮ್ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. ನಾನು ಕೈ ಬಚ್ಚಿಡಲಿಲ್ಲ.

ಮೇ 15, ಬುಧವಾರ

ಅನ್ನದ ಗಂಜಿ ಹಚ್ಚಿ ಮಾರ್ಚ್ 27ರ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿದೆ. ನಿನ್ನೆ ಕಿವಿಯಲ್ಲಿ ಹೇಳಿದ ಹೆಸರನ್ನೂ ಇನ್ನೇನು ಗೀಚಿ ಹಾಕುತ್ತೇನೆ. ಆ ಕೋಣೆಯಲ್ಲಿ ನಾನು ಏನೂ ನೋಡಲಿಲ್ಲ.

ಮೇ 17, ಶುಕ್ರವಾರ

ನಮಾಜ್ ಬಿಟ್ಟ ಮೇಲೆ ಭಾವ ಹತ್ತು ಜನರನ್ನು ಕಟ್ಟಿಕೊಂಡು ಬಂದರು. ಇಮಾಮ್ ಎಲ್ಲರ ಹಿಂದೆ.

"ಕರ್ಪೂರ ಯಾರ ಕೈಲಿ ಹಾಕಿಸಿದೆ?"

"ನನ್ನ ಕೈಲೇ."

"ಮಗಳನ್ನ ಯಾಕೆ ಆಚೆ ಕಳಿಸಿದೆ?"

"ಹೇಳಲ್ಲ."

"ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ತೌಬಾ ಮಾಡು. ಇವತ್ತಿಂದ ಮತ್ತೆ ಒಂದರಿಂದ ಎಣಿಸು."

"ಒಂದರಿಂದ ಎಣಿಸಬೇಕು ಅಂತ ಎಲ್ಲಿ ಬರೆದಿದೆ ಭಾವ?" ಅಂತ ಕೇಳಿದೆ. ಅವರು ಇಮಾಮ್ ಕಡೆ ತಿರುಗಿದರು. ಇಮಾಮ್ ಗಂಟಲು ಸರಿಮಾಡಿಕೊಂಡು, "ಎಲ್ಲೂ ಬರೆದಿಲ್ಲ ಹಾಜಿ ಸಾಹೇಬ್ರೆ" ಅಂದ. "ಕರ್ಪೂರ ಮುಟ್ಟಿದ್ದು ಸರಿ ಅಂತ ನಾನು ಹೇಳಲ್ಲ. ಆದರೆ ಎಣಿಕೆ ಮುರಿಯಲ್ಲ. ತೌಬಾ ಅವರಿಗೂ ಅಲ್ಲಾಹ್‌ಗೂ ಬಿಟ್ಟಿದ್ದು."

"ಕೇಳಿಸ್ತಾ? ಎಣಿಸಲೇಬೇಕು ಅಂದ್ರೆ ನೀವೇ ಎಣಿಸ್ಕೊಳ್ಳಿ ಭಾವ" ಅಂದು ಮೆಟ್ಟಿಲು ಹತ್ತಿದೆ. ಹೋಗುವ ಮುನ್ನ ಭಾವ ಕಮಿಟಿ ಕಡೆಯಿಂದ ಹೇಳಿದರು, ಇನ್ನು ಮುಂದೆ ಸ್ನಾನದ ಹಲಗೆ ಮುಟ್ಟಲು ನನಗೆ ಹಕ್ಕಿಲ್ಲವಂತೆ. ಹಲಗೆ ಮಸೀದಿಯ ಬೀರುವಿನಲ್ಲಿ ಬೀಗದೊಳಗೆ ಸೇರಿತು. ಇಟ್ಟುಕೊಳ್ಳಲಿ.

ಮೇ 29, ಬುಧವಾರ

ಈ ಹೆಂಗಸರ ಕಾಟ ಜಾಸ್ತಿಯಾಗಿದೆ. ಬೆಳಗ್ಗೆ ಡ್ರೈವರನ ಹೆಂಡತಿ ಬಂದಿದ್ದಳು: ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೆ ನಮಾಜ್ ಬಿಡಬೇಕೇ? ಬಿಡಬೇಡ, ತೊಳೆದುಕೊಂಡು ಮಾಡು ಅಂದೆ. ಆಮೇಲೆ ಖಾಲಾ ಸೊಸೆ: ಮಗುವಿಗೆ ಹಾಲು ಕುಡಿಸುವವಳು ರೋಜಾ ಹಿಡಿಯಲೇಬೇಕೇ? ಮೊದಲು ಮಗುವಿನ ಹೊಟ್ಟೆ, ರೋಜಾ ಆಮೇಲೆ ತೀರಿಸು ಅಂದೆ. ಮಧ್ಯಾಹ್ನ ಮೂವರು ಒಟ್ಟಿಗೇ. ಕೆಲವರು ಏನೂ ಕೇಳದೆ ಕೂತು, ಹೊರಡುವಾಗ ಮಾತ್ರ ಕೈ ಹಿಡಿದು, "ನನ್ನ ಕೊನೆ ಸ್ನಾನಕ್ಕೂ ನೀವೇ ಬರಬೇಕು ಟೀಚರ್. ಬಾಗಿಲು ಹಾಕ್ಕೊಂಡು" ಅನ್ನುತ್ತಾರೆ. ಹಲಗೆ ಬೀಗದೊಳಗಿದೆ ಅಂದರೆ, ನಮ್ಮನೆ ಬಾಗಿಲು ಕಿತ್ತು ಹಲಗೆ ಮಾಡ್ತೀವಿ ಅನ್ನುತ್ತಾರೆ. ಇವರಿಗೆಲ್ಲ ಮಾಡಲು ಬೇರೆ ಕೆಲಸವಿಲ್ಲವೇ?

"ಎರಡು ವಾರದಿಂದ ಮಸೀದಿ ಡಬ್ಬ ಖಾಲಿಯಂತೆ ಅಮ್ಮ" ಅಂದಳು ಶಲೀಜಾ, ನಗು ತಡೆದುಕೊಂಡು.

"ಮಳೆ ಅಲ್ವಾ, ಯಾರು ಹೋಗ್ತಾರೆ" ಅಂದೆ.

ಜೂನ್ 4, ಮಂಗಳವಾರ

ರಹೀಮನ್ ಅಕ್ಕ ಬಂದಿದ್ದಳು. ಭಾವನ ಹೆಂಡತಿ. ಮೂವತ್ತೆರಡು ವರ್ಷದಲ್ಲಿ ನನ್ನ ಮೆಟ್ಟಿಲು ಹತ್ತಿದ್ದು ಈದ್‌ಗೆ ಮಾತ್ರ, ಅದೂ ಗಂಡನ ಹಿಂದೆ. ಜಂಬದವಳು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಬಂದವಳೇ ಬಾಗಿಲು ಹಾಕಿ, ನನ್ನ ಕಡೆ ಬೆನ್ನು ಮಾಡಿ, ಕುರ್ತಿ ಎತ್ತಿದಳು.

ನಾನು ಎಷ್ಟೋ ಬೆನ್ನು ತೊಳೆದಿದ್ದೇನೆ. ಜೀವಂತ ಬೆನ್ನು ಹೀಗೆ ನೋಡಿರಲಿಲ್ಲ. ಹಳೆಯ ಬರೆ ಬಿಳಿ, ಹೊಸ ಬರೆ ನೇರಳೆ, ಒಂದು ಕಡೆ ಬೆಲ್ಟಿನ ಬಕಲ್ಲಿನ ಚೌಕ ಹಾಗೇ ಮೂಡಿತ್ತು.

"ನಾನು ಸತ್ತಾಗ ನೀನೇ ತೊಳಿ ನಸೀಬನ್. ಹಮೀದನ್‌ದು ಏನೋ ಮುಚ್ಚಿಟ್ಟೆಯಂತಲ್ಲ, ನಂದೂ ಹಾಗೇ ಮುಚ್ಚಿಡು."

"ಮುಚ್ಚಿಡಲ್ಲ ಅಕ್ಕ."

ಅವಳು ತಿರುಗಿ ನೋಡಿದಳು. ಕಣ್ಣಲ್ಲಿ ನೀರು ನಿಂತಿತ್ತು. "ಯಾಕೆ? ನಾನು ಅವಳಷ್ಟು ಒಳ್ಳೆಯೋಳಲ್ವಾ?"

"ಸತ್ತೋಳ ಗುಟ್ಟು ಮುಚ್ಚಿಡಬೇಕು, ನಿಜ. ಆದರೆ ಇದು ನಿನ್ನ ಗುಟ್ಟಲ್ಲ ಅಕ್ಕ, ಭಾವನದು. ಅವರ ಗುಟ್ಟು ಕಾಯಿ ಅಂತ ನನಗೆ ಯಾರೂ ಹೇಳಿಲ್ಲ."

ಅವಳು ಕುರ್ತಿ ಇಳಿಸಿಕೊಂಡಳು. "ಹಾಗಾದ್ರೆ ಸಾಯೋವರೆಗೂ ಏನು ಮಾಡ್ಲಿ?"

"ಸಾಯೋವರೆಗೂ ಯಾಕೆ ಕಾಯಬೇಕು?" ಅಂತ ಈ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಪೆನ್ನಿನ ಜೊತೆ ಅವಳ ಮುಂದಿಟ್ಟೆ. "ಶುಕ್ರವಾರ ಡಬ್ಬ ಇದ್ದೇ ಇದೆ. ನಿನ್ನ ಕೈಯಾರೆ ಬರಿ. ಬೇಡ ಅನ್ಸಿದ್ರೆ ಬರೀಬೇಡ. ಬರೆದ್ರೆ ಈ ಮನೇಲಿ ಒಂದು ಮಂಚ ಖಾಲಿ ಇದೆ."

"ಹೆಸರು ಹಾಕಬೇಕಾ?"

"ನಿನ್ನಿಷ್ಟ."

ಎರಡು ಲೋಟ ಟೀ ತಣ್ಣಗಾಗುವವರೆಗೆ ಪೆನ್ನು ಹಿಡಿದು ಕೂತಿದ್ದಳು. ನಾನು ಅಡುಗೆಮನೆಗೆ ಹೋದೆ. ಬರುವಷ್ಟರಲ್ಲಿ ಹಾಳೆ ಮಡಚಿ ಎದೆಗೆ ಸೇರಿಸಿಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಏನು ಬರೆದಳೋ, ಬರೆದಳೋ ಇಲ್ಲವೋ.

ಜೂನ್ 7, ಶುಕ್ರವಾರ

ಮಧ್ಯಾಹ್ನ ನಮಾಜಿನ ಹೊತ್ತಿಗೆ ರಹೀಮನ್ ಅಕ್ಕ ಒಂದು ಕೈಚೀಲ ಹಿಡಿದು ಬಂದಳು. ಜಗಲಿಯಲ್ಲಿ ಕಯ್ಯೂಮ್‌ನ ಕುರ್ಚಿಯಲ್ಲಿ ಕೂತಳು. ನಾನೂ ಶಲೀಜಾಳೂ ಎರಡು ಪಕ್ಕದಲ್ಲಿ. ಮಸೀದಿ ಅಲ್ಲಿಂದ ಕಾಣುತ್ತದೆ.

ಮೈಕಿನಲ್ಲಿ ಇಮಾಮ್, "ಮೂರು ವಾರ ಆದ ಮೇಲೆ ಇವತ್ತು ಒಂದೇ ಒಂದು ಚೀಟಿ ಬಂದಿದೆ" ಅಂದ. ಹಾಳೆ ಬಿಚ್ಚಿದ ಸದ್ದು. ಓದಿದ:

"ಮೂವತ್ತನಾಲ್ಕು ವರ್ಷದಿಂದ ನನ್ನ ಗಂಡ ನನ್ನನ್ನು ಬೆಲ್ಟಿನಿಂದ ಹೊಡೆಯುತ್ತಾರೆ. ಶುಕ್ರವಾರ ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ. ಊರಿನ ಹೆಂಗಸರು ಏನು ಮುಟ್ಟಬೇಕು ಏನು ಮುಟ್ಟಬಾರದು ಅಂತ ಮೈಕಿನಲ್ಲಿ ಹೇಳುತ್ತಾರೆ. ಅವರ ಕೈ ಏನು ಮುಟ್ಟಬಾರದು ಅನ್ನುವುದಕ್ಕೆ ಹುಕುಂ ಏನು?"

ಅಲ್ಲಿಗೆ ನಿಂತ. ಕೆಳಗೆ ಇನ್ನೂ ಏನೋ ಇದೆ ಅಂತ ನನಗೆ ಗೊತ್ತಾಯಿತು. ರಹೀಮನ್ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಇಮಾಮ್ ಓದಿದ: "ರಹೀಮನ್. ಹಾಜಿ ವಾಹಿದ್ ಅವರ ಹೆಂಡತಿ."

ಮೈಕಿನೊಳಗೆ ಫ್ಯಾನು ತಿರುಗುವ ಸದ್ದು ಬಿಟ್ಟು ಬೇರೇನೂ ಇಲ್ಲ. ರಸ್ತೆಯಲ್ಲಿ ಮಿನಿಬಸ್ಸು ಹಾಡು ನಿಲ್ಲಿಸಿತು. ಆಮೇಲೆ ಇಮಾಮ್‌ನ ದನಿ ಬಂತು, ನಡುಗುತ್ತಿತ್ತು, ಆದರೆ ಬಂತು: "ಇದಕ್ಕೆ ಉತ್ತರ ಹೇಳ್ತೀನಿ. ಪೂರ್ತಿ ಹೇಳ್ತೀನಿ. ಅದಕ್ಕೆ ಮುಂಚೆ, ಮೊದಲ ಸಾಲಿನಲ್ಲಿ ಕೂರಬಾರದವರು ಎದ್ದು ಹಿಂದಕ್ಕೆ ಹೋಗಲಿ."

ಸ್ವಲ್ಪ ಹೊತ್ತಿನಲ್ಲಿ ಭಾವ ಬಾಗಿಲಿಗೆ ಬಂದರು. ರಾಶಿಯಲ್ಲಿ ತಮ್ಮ ಚಪ್ಪಲಿ ಹುಡುಕಿದರು, ಸಿಗಲಿಲ್ಲ. ಬರಿಗಾಲಲ್ಲೇ ಕೆಸರಿನಲ್ಲಿ ಕಾರಿನವರೆಗೆ ನಡೆದು ಹೋದರು. ಯಾರೂ ಹಿಂದೆ ಹೋಗಲಿಲ್ಲ.

ಶಲೀಜಾ ಕಣ್ಣೊರೆಸಿಕೊಂಡು, "ಚಂದ್ರನ ತಿಂಗಳ ಲೆಕ್ಕದಲ್ಲಿ ಇನ್ನು ನಾಲ್ಕೇ ದಿನ ಅಮ್ಮ" ಅಂದಳು.

"ಯಾವುದಕ್ಕೆ?" ಅಂದೆ. ಕ್ಯಾಲೆಂಡರ್ ನೋಡಿದರೆ ಮೇ 14ರ ಆಚೆ ಒಂದು ಗೀಟೂ ಇಲ್ಲ.

ಒಳಗೆ ಹೋಗಿ ಟೀಗೆ ನೀರಿಟ್ಟೆ. "ಏಲಕ್ಕಿ ಹಾಕ್ಲಾ ಅಕ್ಕ?" ಅಂತ ಕೂಗಿ ಕೇಳಿದೆ.

"ನನ್ನ ಯಾಕೆ ಕೇಳ್ತೀಯ" ಅಂದಳು ಜಗಲಿಯಿಂದ.

ಮೂರು ಜಜ್ಜಿ ಹಾಕಿದೆ.